ಸರ್ವರ್ ಬಾಗಿಲು ತೆಗೆಯಲಿಲ್ಲ

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಚಂದ್ರಾಮ ಲ್ಯಾಪ್‌ಟಾಪ್ ತೆರೆದು ಪಾಸ್‌ವರ್ಡ್ ಒತ್ತಿದ. ಸರ್ವರ್ ಒಪ್ಪಲಿಲ್ಲ. ಇನ್ನೊಮ್ಮೆ ಒತ್ತಿದ. ಆಗಲೂ ಒಪ್ಪಲಿಲ್ಲ. ಮೂರನೆಯ ಸಲ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ, ಹಟಮಾರಿ ಕೂಸಿಗೆ ತುತ್ತು ಇಡುವಷ್ಟು ನಿಧಾನವಾಗಿ ಒತ್ತಿದ. ಪರದೆಯ ಮೇಲೆ ಅದೇ ಉತ್ತರ ಬಂತು: ಅನುಮತಿ ಇಲ್ಲ.

ಚಂದ್ರಾಮ ಕೆಲಸ ಮಾಡುತ್ತಿದ್ದದ್ದು ಸನತ್‌ನಗರದ ಒಂದು ಸಣ್ಣ ಫ್ಯಾಕ್ಟರಿಯಲ್ಲಿ. ಅಲ್ಲಿ ಔಷಧದ ಬಾಟಲಿಗಳಿಗೆ ಮುಚ್ಚಳ ತಯಾರಾಗುತ್ತಿತ್ತು. ಯಂತ್ರಗಳು ಗಂಟೆಗೆ ಎಷ್ಟು ಮುಚ್ಚಳ ಉದುರಿಸಿದವು ಎನ್ನುವುದು ಸರ್ವರ್‌ಗೆ ಹೋಗಿ, ಅಲ್ಲಿಂದ ಮೀಟಿಂಗ್ ಹಾಲಿನ ದೊಡ್ಡ ಪರದೆಯ ಮೇಲೆ ಮೂಡುತ್ತಿತ್ತು. ಆ ಸರ್ವರ್ ಪೂರ್ತಿ ಚಂದ್ರಾಮನ ಸುಪರ್ದಿ. ಶನಿವಾರ ಅವನು ಏಳುವಷ್ಟರಲ್ಲಿ ಮೊಬೈಲಿಗೆ ಒಂದು ಸಂದೇಶ ಬಂದು ಕೂತಿತ್ತು. ಎಣಿಕೆ ನಿಂತುಹೋಗಿದೆ. ಒಂದು ಸಾಲಿನ ಕಮಾಂಡ್ ಕೊಟ್ಟರೆ ಅದು ಮತ್ತೆ ಓಡುತ್ತದೆ, ಅರ್ಧ ನಿಮಿಷದ ಕೆಲಸ. ಆದರೆ ಕಮಾಂಡ್ ಕೊಡಲು ಮನೆಯಿಂದ ಸರ್ವರ್‌ನ ಒಳಗೆ ಹೋಗಬೇಕು. ಮಧ್ಯಾಹ್ನ ಮೂರಕ್ಕೆ ಪುಣೆಯ ದೊಡ್ಡ ಗಿರಾಕಿಗಳು ಅದೇ ಪರದೆ ನೋಡಲು ಬರುವವರಿದ್ದರು.

ಮನೆಯಿಂದ ಕೆಲಸ ಮಾಡುವ ಪರವಾನಗಿ ಅವನಿಗೆ ಸುಲಭಕ್ಕೆ ಸಿಕ್ಕಿರಲಿಲ್ಲ. ಹೆಂಡತಿ ಉಮಾಶ್ರೀಗೆ ಶಂಶಾಬಾದ್ ಏರ್‌ಪೋರ್ಟಿನಲ್ಲಿ ಕೆಲಸ, ಶನಿವಾರ ಹಗಲು ಡ್ಯೂಟಿ. ಮೂರು ವರ್ಷದ ತನ್ವಿಯನ್ನು ಬಿಡುತ್ತಿದ್ದ ಶಿಶುವಿಹಾರ ಶನಿವಾರ ಮುಚ್ಚಿರುತ್ತಿತ್ತು. ಎರಡು ತಿಂಗಳು ಬೆನ್ನು ಹತ್ತಿದ ಮೇಲೆ ಮಾಲೀಕ ಜನಾರ್ದನ ಒಪ್ಪಿದ್ದರು. ಮೈಸೂರು ಕಡೆಯ ಆ ಮನುಷ್ಯ ಮೆತ್ತಗೆ ಮಾತಾಡಿಯೇ ಹೆದರಿಸುತ್ತಿದ್ದರು. "ನೋಡಪ್ಪಾ, ಒಂದೇ ಒಂದು ಶನಿವಾರ ಎಡವಟ್ಟಾದ್ರೆ ಮುಂದಿನ ಶನಿವಾರದಿಂದ ನೀನು ಇಲ್ಲೇ." ಇದು ಮೊದಲನೆಯ ಶನಿವಾರ.

ನಾಲ್ಕನೆಯ ಸಲ, ಐದನೆಯ ಸಲ. ಆಮೇಲೆ ಸರ್ವರ್ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಐದು ಸಲ ತಪ್ಪಿದರೆ, ಯಾರ ಮನೆಯ ಇಂಟರ್‌ನೆಟ್‌ನಿಂದ ಕದ ತಟ್ಟುತ್ತಿದ್ದಾರೋ ಆ ಮನೆಯನ್ನೇ ಸರ್ವರ್ ಇಡೀ ದಿನ ದೂರವಿಡುತ್ತದೆ. ಆ ನಿಯಮ ಹಾಕಿ, ಕಳ್ಳರು ಹತ್ತಿರ ಸುಳಿಯಬಾರದು ಎಂದು ಬೀಗಿದವನು ಚಂದ್ರಾಮನೇ.

ಹಿಂದಿನ ಸಂಜೆ ಬಸ್ಸಿನ ಗಡಿಬಿಡಿಯಲ್ಲಿ ಪಾಸ್‌ವರ್ಡ್ ಬದಲಾಯಿಸಿದ್ದು ಅವನಿಗೆ ನೆನಪಿತ್ತು. ಎಲ್ಲೋ ಒಂದು ಅಕ್ಷರ ತನಗೆ ತಪ್ಪಿ ನೆನಪಿದೆ, ಅಷ್ಟೇ. ಆಫೀಸಿಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಜನಾರ್ದನರ ನಂಬರು ತೆಗೆದು, ನೋಡಿ, ಮೊಬೈಲನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಬೇರೆ ಮನೆಯ ವೈಫೈ ಸಿಕ್ಕರೆ ಇನ್ನೈದು ಅವಕಾಶ ಸಿಗುತ್ತದೆ ಎಂದು ತನ್ವಿಯನ್ನು ಸೊಂಟಕ್ಕೇರಿಸಿ ಎದುರು ಮನೆಯ ಗಂಟೆ ಒತ್ತಿದ.

ಬಾಗಿಲು ತೆಗೆದವರು ಬೀದರಿನ ಅಹಲ್ಯಾಬಾಯಿ. ಕೂಕಟ್‌ಪಲ್ಲಿಯ ಆ ಅಪಾರ್ಟ್‌ಮೆಂಟಿನಲ್ಲಿ ಯಾರ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದು ಆ ಮನೆಯವರಿಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

"ಯಾಕ್ರಿ ಚಂದ್ರಾಮ, ಮಾರಿ ಹಿಂಗ್ಯಾಕ ಆಗ್ಯದ?"

"ನಿಮ್ಮ ವೈಫೈ ಬೇಕಾಗಿತ್ರಿ ಅಕ್ಕಾರ. ಹತ್ತ ನಿಮಿಷ."

ವೈಫೈ ಜೊತೆಗೆ ಅಹಲ್ಯಾಬಾಯಿಯೂ ಬಂದರು. ಅವನ ಹಿಂದೆ ಕುರ್ಚಿ ಎಳೆದುಕೊಂಡು ಕೂತರು. ಎರಡು ಸಲ ತಪ್ಪಿದ್ದು ನೋಡಿ ವಿಚಾರಣೆ ಶುರುಮಾಡಿದರು.

"ಪಾಸ್‌ವರ್ಡಿಗಿ ಹೆಂಡ್ತಿ ಹೆಸರು ಇಟ್ಟೀರೇನು?"

"ಇಲ್ರಿ."

"ಮಗಳದು?"

"ಇಲ್ರಿ ಅಕ್ಕಾರ."

"ಮತ್ತ ಯಾರದು?"

ಚಂದ್ರಾಮ ಮಾತಾಡಲಿಲ್ಲ. ಪಾಸ್‌ವರ್ಡ್ ಯಾರಿಗೂ ಹೇಳಬಾರದು ಎಂಬ ನಿಯಮವನ್ನೂ ಅವನೇ ಹಾಕಿದ್ದ. ಆ ಮೌನ ಶಂಶಾಬಾದ್ ಮುಟ್ಟಲು ಎರಡು ನಿಮಿಷ ಸಾಕಾಯಿತು. ಅವನ ಮೊಬೈಲಿನಲ್ಲಿ ಉಮಾಶ್ರೀಯ ದನಿ, ಹಿಂದೆ ವಿಮಾನದ ಸದ್ದು.

"ಯಾರ ಹೆಸರ್ರೀ ಅದು?"

"ಯಾರ ಹೆಸರೂ ಅಲ್ಲ."

"ಮತ್ತ ಅಹಲ್ಯಕ್ಕನ ಮುಂದ ಹೇಳಾಕ ಯಾಕ ನಾಚತೀರಿ? ಹೇಳ್ರಿ ಈಗ."

"ಜೋಳದರೊಟ್ಟಿ."

ಉಮಾಶ್ರೀ ತಣ್ಣಗೆ ಹೇಳಿದಳು: "ಅಂದ್ರ ನಾ ಮಾಡೋ ಚಪಾತಿ ನಿಮಗ ಸೇರಂಗಿಲ್ಲ. ಐದ ವರ್ಷದಾಗ ಒಂದ್ ಸಲ ಬಾಯಿ ಬಿಟ್ಟು ಹೇಳಿದ್ರೇನು? ಮಷಿನ್ ಮುಂದ ಹೇಳೀರಿ." ಫೋನ್ ಇಟ್ಟಳು.

ಇಂಗ್ಲಿಷ್ ಅಕ್ಷರದಲ್ಲಿ ಜೋಳದರೊಟ್ಟಿ ಎಂದು ಬರೆಯುವುದು ಹೇಗೆ ಎಂಬುದೇ ಈಗ ಪ್ರಶ್ನೆಯಾಯಿತು. ಜೋಳಕ್ಕೆ 'ಎಲ್' ಒಂದೋ ಎರಡೋ, ರೊಟ್ಟಿಗೆ 'ಟಿ' ಎರಡೋ ಮೂರೋ, ಮೊದಲಕ್ಷರ ದೊಡ್ಡದೋ ಸಣ್ಣದೋ. ತಾನು ಶುಕ್ರವಾರ ಹೇಗೆ ಬರೆದಿದ್ದೆ ಎಂದು ಈ ಗದ್ದಲದಲ್ಲಿ ಚಂದ್ರಾಮನಿಗೇ ಗುಮಾನಿ ಬಂತು. ಅಹಲ್ಯಾಬಾಯಿ ಹೇಳಿದಂತೆ "ರೋಟಿ" ಎಂದು ಹೊಡೆದದ್ದೇ ತಡ, ಅವರ ಮನೆಯ ಐದನೆಯ ಅವಕಾಶವೂ ಮುಗಿಯಿತು.

ಅಷ್ಟರಲ್ಲಿ ಮೂರನೆಯ ಮಹಡಿಯ ಸಂಗಣ್ಣ ಇಳಿದುಬಂದರು. ರಾಯಚೂರಿನವರು, ರೈಲ್ವೆ ಸಿಗ್ನಲ್ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ನಿವೃತ್ತಿಯ ಮೇಲೆ ಯಾವ ಗಾಡಿಯೂ ಅವರ ಮಾತಿಗೆ ನಿಂತಿರಲಿಲ್ಲ. ಆ ಹಸಿವು ಅವರ ಮುಖದಲ್ಲಿತ್ತು.

"ಎಲ್ಲಾರೂ ಹಿಂದ ಸರೀರಿ. ಚಂದ್ರಾಮ, ನೀ ಹೇಳು. ಒಂದ್ ಮನಿಗೆ ಎಷ್ಟ್ ಸಲ?"

"ಐದು ಸಲರಿ ಕಾಕಾ."

"ನಮ್ಮ ಬಿಲ್ಡಿಂಗ್‌ನಾಗ ಮನಿ ಎಷ್ಟು? ಇಪ್ಪತ್ನಾಕು. ಇಪ್ಪತ್ನಾಕ ಐದ್ಲೆ ನೂರಾ ಇಪ್ಪತ್ತು. ನೂರಾ ಇಪ್ಪತ್ತು ಸಲದಾಗ ಒಂದರ ಹತ್ತಂಗಿಲ್ಲೇನು? ಹತ್ತಲೇಬೇಕು. ಶಿಸ್ತು ಬೇಕಷ್ಟ."

ಅವರು ನೋಟ್‌ಬುಕ್ ತರಿಸಿ ಎಡಕ್ಕೆ ಮನೆ ನಂಬರು, ಬಲಕ್ಕೆ ರೊಟ್ಟಿಯ ಬಗೆಬಗೆಯ ಅಕ್ಷರ ಜೋಡಣೆ ಬರೆದರು. ಒಂದೊಂದು ಮನೆಯವರೂ ತಮ್ಮ ವೈಫೈ ಪಾಸ್‌ವರ್ಡನ್ನು ಅರಿಶಿನ ಕುಂಕುಮ ಕೊಡುವ ಸಂಭ್ರಮದಲ್ಲಿ ತಂದುಕೊಟ್ಟರು. ಸಂಗಣ್ಣ "ಹೊಡಿ" ಎಂದಾಗ ಚಂದ್ರಾಮ ಒತ್ತುತ್ತಿದ್ದ, ಪರದೆಯ ಮೇಲೆ "ಅನುಮತಿ ಇಲ್ಲ" ಎಂದು ಬಂದಾಗ ನೆರೆದವರೆಲ್ಲ ಕೊನೆಯ ಓವರಿನಲ್ಲಿ ಕ್ಯಾಚ್ ಬಿಟ್ಟಂತೆ "ಛೇ" ಎನ್ನುತ್ತಿದ್ದರು. ಕೆಳಗಿಂದ ಕಾವಲುಗಾರ ಹುಲಗೇಶನೂ ಬಂದ. ಕೊಪ್ಪಳದವನು, ಐವತ್ತು ದಾಟಿದ ಮನುಷ್ಯ. ತನ್ನ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದ.

"ಇದರಾಗ ಇವತ್ತಿಂದು ಒಂದೂವರಿ ಜಿಬಿ ಹಂಗ ಐತ್ರಿ ಸಾಹೇಬ್ರ. ಪೂರಾ ಬಳಸ್ರಿ. ನಾ ರಾತ್ರಿ ರೀಲ್ಸ್ ನೋಡಂಗಿಲ್ಲ."

ಚಂದ್ರಾಮನ ಕಣ್ಣು ತುಂಬಿಬಂತು. ಹುಲಗೇಶನ ಐದೂ ಹೋದವು.

ಒಂದರಿಂದ ಒಂದೂವರೆವರೆಗೆ ಸಂಗಣ್ಣ ಊಟಕ್ಕೆ ಬಿಟ್ಟರು. ಅಷ್ಟು ಹೊತ್ತಿಗೆ ಒಂಬತ್ತು ಮನೆ ಮುಗಿದಿದ್ದವು. ಒಂದೂ ಮುಕ್ಕಾಲಾದರೂ ಸರ್ವರ್ ಮಿಸುಕದಿದ್ದಾಗ ಚಂದ್ರಾಮ ಎದ್ದು ನಿಂತ. ಖುದ್ದಾಗಿ ಸನತ್‌ನಗರಕ್ಕೆ ಹೋಗಿ, ಯಾರಿಗೂ ಕಾಣದಂತೆ ಸರ್ವರ್ ಕೋಣೆಗೆ ನುಗ್ಗಿ, ಪಾಸ್‌ವರ್ಡ್ ಕೇಳದ ಅಲ್ಲಿನ ಕೀಬೋರ್ಡಿನಿಂದಲೇ ಕಮಾಂಡ್ ಕೊಟ್ಟು ಬರುವುದೊಂದೇ ದಾರಿ.

"ನೀ ಹೋಗು," ಎಂದರು ಸಂಗಣ್ಣ, "ಲ್ಯಾಪ್‌ಟಾಪ್ ಇಲ್ಲೇ ಇರ್ಲಿ. ನಾವು ನಡಸ್ತೀವಿ. ಅಕಸ್ಮಾತ್ ತೆಗೀತಂದ್ರ ಫೋನ್ ಮಾಡ್ತೀವಿ, ನೀ ಅರ್ಧ ದಾರಿಯಿಂದ ತಿರುಗಿ ಬಾ."

ಯೋಚಿಸಲು ಹೊತ್ತಿರಲಿಲ್ಲ. ತನ್ವಿ ಆಗಲೇ ಅಹಲ್ಯಾಬಾಯಿಯ ಮಡಿಲಲ್ಲಿ ಮೊಸರನ್ನ ತಿನ್ನುತ್ತ ಅಪ್ಪನಿಗೆ ಟಾಟಾ ಮಾಡಿದಳು. ಚಂದ್ರಾಮ ಮೆಟ್ಟಿಲಿಳಿದು ಓಡಿದ. ಮೆಟ್ರೋದಲ್ಲಿ ಭರತ್‌ನಗರ, ಅಲ್ಲಿಂದ ಶೇರ್ ಆಟೋ. ಆಟೋದಲ್ಲಿ ನಾಲ್ಕನೆಯವನಾಗಿ ಅರ್ಧ ತೊಡೆಯ ಮೇಲೆ ಕೂತು, ಗಂಟೆ ನೋಡಿಕೊಳ್ಳುತ್ತ, ಒಳಗೆ ಹೋದ ಮೇಲೆ ಒತ್ತಬೇಕಾದ ಆ ಒಂದು ಸಾಲನ್ನು ಮಂತ್ರದಂತೆ ಜಪಿಸಿದ.

ಗೇಟಿನಲ್ಲಿ ಮೂರು ವರ್ಷದಿಂದ ದಿನಾ ಸಲಾಂ ಹೊಡೆಯುತ್ತಿದ್ದ ಕಾವಲಿನವನು ಇವತ್ತು ಕೈ ಅಡ್ಡ ಹಿಡಿದ. "ಕಾರ್ಡ್ ದಿಖಾವ್ ಸಾಬ್. ಆಜ್ ಬಹುತ್ ಟೈಟ್ ಹೈ." ಕಾರ್ಡು ಮನೆಯಲ್ಲಿತ್ತು. ಕೊನೆಗೆ ರಿಜಿಸ್ಟರಿನಲ್ಲಿ ಸಂದರ್ಶಕ ಎಂದು ಬರೆದು, ಬಂದ ಕಾರಣ ಎಂಬಲ್ಲಿ "ನೌಕರಿ" ಎಂದು ತುಂಬಿಸಿ ಒಳಗೆ ಬಂದ. ಆಗ ಮೂರಕ್ಕೆ ಇಪ್ಪತ್ತು ನಿಮಿಷ ಬಾಕಿ.

ಸರ್ವರ್ ಕೋಣೆಗೆ ಹೋಗುವ ದಾರಿ ಮೀಟಿಂಗ್ ಹಾಲಿನ ಮುಂದೆಯೇ ಇತ್ತು. ಚಂದ್ರಾಮ ಬೆಕ್ಕಿನ ಹೆಜ್ಜೆ ಇಟ್ಟ. ಒಳಗಿಂದ ಚಪ್ಪಾಳೆಯ ಸದ್ದು ಬಂತು. ಗಾಜಿನ ಬಾಗಿಲ ಆಚೆ ಪುಣೆಯ ನಾಲ್ವರು ಗಿರಾಕಿಗಳು ಆಗಲೇ ಕೂತಿದ್ದರು. ಗೋಡೆಯ ಪರದೆಯ ಮೇಲೆ ಮುಚ್ಚಳದ ಎಣಿಕೆ ಇರಲಿಲ್ಲ. ಮೇಲಿಂದ ಕೆಳಗಿನವರೆಗೆ ಕೆಂಪು ಸಾಲುಗಳಿದ್ದವು. ಅವನು ಬಾಗಿ ದಾಟುವಷ್ಟರಲ್ಲಿ ಜನಾರ್ದನ ಬಾಗಿಲು ತೆಗೆದು ಹೆಗಲ ಮೇಲೆ ಕೈ ಹಾಕಿದರು.

"ರಜೆ ಥರ ಮನೇಲಿರೋ ದಿನಾನೂ ಓಡಿ ಬಂದಿದೀಯಲ್ಲೋ. ಬಾ, ಒಳಗೆ ಬಾ. ಇವರು ಬೆಳಿಗ್ಗೆ ಹತ್ತಕ್ಕೇ ಬಂದ್ಬಿಟ್ರು, ನಾವೆಲ್ಲ ಫೋನ್ ಆಫ್ ಮಾಡಿ ಕೂತಿದೀವಿ. ಇವರು ಚಿತ್ರಾ ಅಂತ, ಬೆಂಗಳೂರಿಂದ ಬಂದಿದಾರೆ. ನಮ್ಮ ಸರ್ವರ್ ಎಷ್ಟು ಭದ್ರ ಅಂತ ಪರೀಕ್ಷೆ ಮಾಡೋರು."

ಚಿತ್ರಾ ಎಂಬ ಆ ಹುಡುಗಿ ಕೋಲಿನಿಂದ ಪರದೆ ತೋರಿಸಿದಳು. "ಬೆಳಿಗ್ಗೆ ಒಂಬತ್ತಕ್ಕೆ ನಾನು ಎಲ್ಲರ ಪಾಸ್‌ವರ್ಡೂ ಬದಲಾಯಿಸ್ದೆ ಸರ್. ಯಾರಿಗೂ ತಿಳಿಸ್ಬೇಡಿ, ಪರೀಕ್ಷೆ ಅಂದ್ರೆ ಪರೀಕ್ಷೆ ಅಂತ ಜನಾರ್ದನ ಸರ್ ಹೇಳಿದ್ರು. ಹತ್ತಕ್ಕೆ ಸರಿಯಾಗಿ ದಾಳಿ ಶುರುವಾಯ್ತು. ಅದೂ ನಿಮ್ಮ ಹೆಸರಲ್ಲೇ."

ಚಂದ್ರಾಮ ಪರದೆ ನೋಡಿದ. ಸಾಲು ಸಾಲಾಗಿ ಅವನ ಹೆಸರೇ ಇತ್ತು.

"ಒಬ್ಬನಲ್ಲ, ದೊಡ್ಡ ಗ್ಯಾಂಗು," ಎಂದಳು ಚಿತ್ರಾ. "ಐದು ಸಲಕ್ಕೆ ಒಂದು ಕಡೆ ತಡೆದ್ರೆ ಇನ್ನೊಂದು ಕಡೆಯಿಂದ ಬರ್ತಾರೆ. ಎಲ್ಲಾ ಕೂಕಟ್‌ಪಲ್ಲಿ ಸುತ್ತಮುತ್ತಲಿಂದ್ಲೇ. ತುಂಬ ಶಿಸ್ತಿನವರು. ಒಂದರಿಂದ ಒಂದೂವರೆ ತನಕ ಊಟದ ಬಿಡುವು ಬೇರೆ ತಗೊಂಡಿದಾರೆ. ಇಂಥ ಸಂಘಟನೆ ನಾನು ಎಲ್ಲೂ ನೋಡಿಲ್ಲ."

ಪುಣೆಯ ಹಿರಿಯ ಗಿರಾಕಿ ತಲೆದೂಗಿದರು. ಒಂದು ಮುಚ್ಚಳದ ಫ್ಯಾಕ್ಟರಿಯನ್ನು ಇಷ್ಟು ಜನ ಇಡೀ ದಿನ ಮುತ್ತುತ್ತಾರೆಂದರೆ ಆ ಮುಚ್ಚಳದಲ್ಲಿ ಏನೋ ಇರಲೇಬೇಕು ಎಂಬ ತೀರ್ಮಾನಕ್ಕೆ ಅವರು ಮಧ್ಯಾಹ್ನವೇ ಬಂದಿದ್ದರು. ಎರಡು ವರ್ಷದ ಆರ್ಡರಿಗೆ ಅರ್ಧ ಗಂಟೆಯ ಹಿಂದೆ ಸಹಿಯೂ ಆಗಿತ್ತು. ಮುಚ್ಚಳ ಎಣಿಸುವ ವಿಷಯವನ್ನು ಯಾರೂ ಎತ್ತಿರಲಿಲ್ಲ.

"ಸರ್, ಅದು..." ಎಂದ ಚಂದ್ರಾಮ.

"ಗೊತ್ತಪ್ಪಾ. ಐದು ಸಲದ ಆ ನಿಯಮ ನಿಂದೇ ಅಂತ ಇವರಿಗೆಲ್ಲ ಹೇಳಿದೀನಿ." ಮತ್ತೊಮ್ಮೆ ಚಪ್ಪಾಳೆಯಾಯಿತು. ಚಂದ್ರಾಮ ಕೈ ಮುಗಿದ. ಸತ್ಯ ಹೇಳಿದರೆ ಗಿರಾಕಿ ಎದ್ದುಹೋಗುತ್ತಾರೆ, ಹೇಳದಿದ್ದರೆ ಏನಾಗುತ್ತದೆ ಎಂದು ಅವನು ಯೋಚಿಸುತ್ತಿರುವಾಗಲೇ ಜನಾರ್ದನ ಅದನ್ನೂ ತಿಳಿಸಿದರು.

"ಇನ್ನು ಹೊರಗಿಂದ ಯಾರಿಗೂ ಸರ್ವರ್ ಇಲ್ಲ. ಎಲ್ಲರೂ ಇಲ್ಲೇ ಬಂದು ಕೆಲಸ ಮಾಡ್ಬೇಕು, ಶನಿವಾರಾನೂ. ನೀನು ಭಾನುವಾರಾನೂ ಬಾ. ಈ ಗ್ಯಾಂಗ್ ಹಿಡಿಯೋ ಜವಾಬ್ದಾರಿ ನಿಂದು. ನೀನಿರೋದೂ ಕೂಕಟ್‌ಪಲ್ಲೀಲೇ ಅಲ್ವಾ, ಸುಲಭ ಆಯ್ತು. ಸೋಮವಾರ ನಾನೇ ಸೈಬರ್ ಪೊಲೀಸರಿಗೆ ಈ ಪಟ್ಟಿ ಕೊಡ್ತೀನಿ, ನಿನ್ನ ಜೊತೆ ಮನೆಮನೆ ಹುಡುಕ್ತಾರೆ."

ಚಂದ್ರಾಮನ ಮೊಬೈಲ್ ಬಡಿದುಕೊಂಡಿತು. ಹಾಲಿನಲ್ಲಿ ಫೋನ್ ಆಫ್ ಮಾಡದೆ ಇದ್ದವನು ಅವನೊಬ್ಬನೇ. ಎಲ್ಲರೂ ತಿರುಗಿ ನೋಡಿದರು. ಅವನು ಫೋನನ್ನು ಕಿವಿಗೊತ್ತಿಕೊಂಡ.

"ಚಂದ್ರಾಮ, ಕಾಳಜಿ ಮಾಡಬ್ಯಾಡ," ಸಂಗಣ್ಣನ ದನಿ ಉಕ್ಕುತ್ತಿತ್ತು. "ನಮ್ಮ ಇಪ್ಪತ್ನಾಕೂ ಮನಿ ಮುಗದ್ವು. ಈಗ ಬಾಜೂ ಬಿಲ್ಡಿಂಗ್‌ನವ್ರೂ ಬಂದಾರ. ಅವ್ರದು ನಲವತ್ತೆಂಟು ಮನಿ."

ಪರದೆಯ ತಳದಲ್ಲಿ ಹೊಸ ಕೆಂಪು ಸಾಲು ಮೂಡಿತು. "ಹೊಸ ಜಾಗ," ಎಂದು ಚಿತ್ರಾ ಕೂಗಿದಳು. ಗಿರಾಕಿಗಳು ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದರು.

ಚಂದ್ರಾಮ ಮೊಬೈಲಿಗೆ ಕೈ ಅಡ್ಡ ಹಿಡಿದು, ಉಸಿರಿನಲ್ಲೇ ಹೇಳಿದ: "ಕಾಕಾ, ನಿಲ್ಲಸ್ರಿ. ಕೈ ಮುಗೀತೀನಿ, ನಿಲ್ಲಸ್ರಿ."

"ಏನು? ಭಾಳ ಗದ್ದಲ ಐತಿ ಅಲ್ಲಿ. ನಿಲ್ಲಸಬ್ಯಾಡ್ರಿ ಅಂದ್ಯಾ?" ಸಂಗಣ್ಣ ಫೋನಿನಿಂದ ಬಾಯಿ ತೆಗೆದು ಸುತ್ತಲಿದ್ದವರಿಗೆ ಹೇಳಿದ್ದು ಚಂದ್ರಾಮನಿಗೆ ಸ್ಪಷ್ಟವಾಗಿ ಕೇಳಿಸಿತು. "ನಿಲ್ಲಸಬ್ಯಾಡ್ರಿ ಅಂತ ಕೈ ಮುಗ್ಯಾಕತ್ತಾನ ಪಾಪ. ಹೊಡೀರಿ, ಮುಂದಿನ ಮನಿದು."