ಜನವರಿಯ ಸೊಳ್ಳೆ

ಪತ್ರಿಕೆಯಲ್ಲಿ ಬಹಳ ಕಾಲ ಕೆಲಸ ಮಾಡಿದವನಿಗೆ ಯಾರು ಏನು ಹೇಳಿದರೂ ತಕ್ಷಣ ನಂಬದ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ. ಹುಬ್ಬಳ್ಳಿಯ ಒಂದು ದಿನಪತ್ರಿಕೆಯ ಸುದ್ದಿಮನೆಯಲ್ಲಿ ಕೂತು ಊರಿನವರ ವಾಕ್ಯಗಳನ್ನೆಲ್ಲ ಕತ್ತರಿಸಿ, ನಿವೃತ್ತನಾಗಿ, ಈಗ ಸಾಗರದಾಚೆಯ ಬ್ರ್ಯಾಂಪ್ಟನ್ನಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಆದರೂ ಹೆಂಡತಿ ‘ಸಾರಿಗೆ ಉಪ್ಪು ಹಾಕಿದ್ದೇನೆ’ ಎಂದರೆ ಎರಡನೆಯ ಮೂಲದಿಂದ ಖಚಿತಪಡಿಸಿಕೊಳ್ಳುವವರೆಗೆ ನನಗೆ ಸಮಾಧಾನವಿಲ್ಲ. ವಿಶೇಷಣಗಳೆಂದರೆ ಅನುಮಾನ. ಹೊಗಳಿಕೆಯೆಂದರೆ ಜಾಹೀರಾತು. ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಡಾಕ್ಟರು ‘ನಿಮ್ಮಲ್ಲಿ ಸಕ್ಕರೆ ಇಲ್ಲ’ ಎಂದಾಗಲೆಲ್ಲ ನನ್ನ ಹೆಂಡತಿ ಕಸ್ತೂರಿ, ‘ಇದಕ್ಕ ರಕ್ತಾ ಯಾಕ ತೆಗೀಬೇಕಿತ್ತು? ನನ್ನ ಕೇಳಿದ್ರ ಹೇಳ್ತಿದ್ನಿ. ಮದವಿ ಆದಾಗಿಂದ ನೋಡಾಕತ್ತೀನಿ, ಇವರ ಮಾತಿನ್ಯಾಗ ಒಂದು ಚಮಚಾ ಸಕ್ಕರಿ ಇಲ್ಲ’ ಅನ್ನುತ್ತಾಳೆ. ಸಕ್ಕರೆ ಇರುವುದು ಅವಳಿಗೆ, ಮಾತಿನಲ್ಲೂ ರಕ್ತದಲ್ಲೂ.

ಹೀಗಾಗಿ ಜನವರಿಯ ಒಂದು ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ಗಾಳಿಗೆ ಚಪ್ಪಾಳೆ ತಟ್ಟಿ ‘ಸೊಳ್ಳಿ ಬಂದೈತಿ ನೋಡ್ರಿ’ ಎಂದಾಗ ನಾನು ಮೊದಲು ನೋಡಿದ್ದು ಕಿಟಕಿಯ ಹೊರಗೆ. ಡ್ರೈವ್‌ವೇಯ ಎರಡೂ ಬದಿಗೆ ಮೊಳಕಾಲೆತ್ತರ ಹಿಮ. ಪಕ್ಕದ ಮನೆಯ ಪಂಜಾಬಿ ಅಜ್ಜ ಕಣ್ಣು ಮಾತ್ರ ಬಿಟ್ಟು ಉಳಿದೆಲ್ಲವನ್ನೂ ಉಣ್ಣೆಯಲ್ಲಿ ಸುತ್ತಿಕೊಂಡು, ಹಿಮ ಕರಗಲೆಂದು ಉಪ್ಪು ಎರಚುತ್ತಿದ್ದ.

‘ಕಸ್ತೂರಿ, ಇಲ್ಲಿ ಜನವರಿಯೊಳಗ ಸೊಳ್ಳಿ ಇರಂಗಿಲ್ಲ.’

‘ಹಂಗಂತ ಸೊಳ್ಳಿಗೆ ಯಾರು ಹೇಳ್ಯಾರ? ಇಲ್ಲೇ ಐತಿ, ಬಲಗಣ್ಣಿನ ಹತ್ರನ. ನಾ ತಿರುಗಿದ ಕಡೆ ತಿರಗತೈತಿ. ಪಾಪ, ನಮ್ಮ ಸೂಟ್‌ಕೇಸಿನ್ಯಾಗ ಊರಿಂದನ ಬಂದಿರ್ಬೇಕು.’

ಸೂಟ್‌ಕೇಸು ಊರಿನಿಂದ ಬಂದು ಐದು ವರ್ಷವಾಗಿತ್ತು. ಆದರೆ ಅವಳ ದನಿಯಲ್ಲಿ ದೂರಿಗಿಂತ ಸಂತೋಷವೇ ಹೆಚ್ಚಿತ್ತು. ಧಾರವಾಡದಲ್ಲಿ ಅವಳೂ ಅವಳ ಅಕ್ಕನೂ ಸಂಜೆ ಹಿತ್ತಲಿನಲ್ಲಿ ಕೂತು ಮೆಂತ್ಯೆ ಸೋಸುತ್ತ, ಮಾತಿನ ನಡುವೆ ತಮ್ಮ ಕಾಲಿನ ಮೇಲೂ ಒಬ್ಬರಿಗೊಬ್ಬರ ಬೆನ್ನಿನ ಮೇಲೂ ಸೊಳ್ಳೆ ಹೊಡೆಯುತ್ತಿದ್ದರಂತೆ. ಮನುಷ್ಯನಿಗೆ ಊರಿನ ನೆನಪು ಮಾವಿನಹಣ್ಣಿನಿಂದ, ಪೇಢಾದಿಂದ ಬರುವುದನ್ನು ನಾನು ಅನೇಕ ಬಾರಿ ಅಚ್ಚು ಹಾಕಿಸಿದ್ದೇನೆ. ಸೊಳ್ಳೆಯಿಂದ ಬರುವುದನ್ನು ಮೊದಲ ಬಾರಿ ಕಂಡೆ. ಅಂದಿನಿಂದ ಅವಳು ಆಗಾಗ ಬಲಗಣ್ಣಿನ ಪಕ್ಕ ಕೈಯಾಡಿಸುತ್ತಿದ್ದಳು. ನಾನೂ ಒಂದೆರಡು ಸಲ ಹತ್ತಿರ ಹೋಗಿ ನೋಡಿದೆ. ಎರಡನೆಯ ಮೂಲದಿಂದ ಸೊಳ್ಳೆ ಖಚಿತವಾಗಲಿಲ್ಲ.

ನನಗೆ ಹೆದರಿಕೆ ಹುಟ್ಟಿದ್ದು ಅಲ್ಲಿಂದ. ಸಕ್ಕರೆ ಕಾಯಿಲೆ ಇದ್ದವರು ವರ್ಷಕ್ಕೊಮ್ಮೆ ಕಣ್ಣಿನ ಒಳಭಾಗ ತೋರಿಸಬೇಕೆಂದು ಅವಳ ಡಾಕ್ಟರು ಹೇಳುತ್ತಲೇ ಇದ್ದರು. ಕಸ್ತೂರಿಯ ವಾದ ಬೇರೆ. ‘ಚಾಳೀಸ ಅಂಗಡ್ಯಾಗ ತೋರಿಸೀನಲ್ಲ? ಕೆಳಗಿನ ಸಾಲಿನ ಅಕ್ಷರಾ ಎಲ್ಲಾ ಓದೇನಿ. ಕಣ್ಣಿನ ಹಿಂದ ಏನ್ ನೋಡ್ತಾರ? ಹಿಂದ ತಲಿ ಐತಿ.’ ಈ ವಾದವನ್ನು ಅವಳೊಬ್ಬಳೇ ಮಂಡಿಸುತ್ತಿದ್ದಳು ಎಂದು ತಿಳಿಯಬೇಡಿ. ನಮ್ಮ ಕನ್ನಡ ಬಳಗದ ಮುಕ್ಕಾಲು ಪಾಲು ಜನ, ಅದರಲ್ಲೂ ಎಂಜಿನಿಯರುಗಳು, ಇದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರೆ.

ಆದರೆ ಅವಳ ನಿಜವಾದ ಕಾರಣ ಇನ್ನೊಂದಿತ್ತು, ಅದರ ಹೆಸರು ಶನಿವಾರ. ಶನಿವಾರ ಬೆಳಿಗ್ಗೆ ನಮ್ಮ ತಿಂಡಿಯಾದ ಮೇಲೆ, ಅಲ್ಲಿ ರಾತ್ರಿ ಊಟದ ಹೊತ್ತಿಗೆ, ಧಾರವಾಡದ ಗೌರಕ್ಕನಿಗೆ ವಿಡಿಯೋ ಕಾಲ್. ಗೌರಕ್ಕ ನಿವೃತ್ತ ಶಾಲಾ ಶಿಕ್ಷಕಿ. ಜೀವಮಾನವಿಡೀ ಮಕ್ಕಳಿಗೆ ನೆಟ್ಟಗೆ ಕೂರುವುದನ್ನು ಕಲಿಸಿದವರು ಫೋನನ್ನು ಮಾತ್ರ ನೆಟ್ಟಗೆ ಹಿಡಿಯಲಾರರು. ಐದು ವರ್ಷದಿಂದ ನಾವು ನೋಡುತ್ತ ಬಂದಿರುವುದು ಅವರ ಮನೆಯ ಸೀಲಿಂಗ್ ಫ್ಯಾನು. ಅದೃಷ್ಟ ಚೆನ್ನಾಗಿದ್ದರೆ ಒಂದು ಕಿವಿ. ಕಸ್ತೂರಿ ಆ ಫ್ಯಾನಿನ ಜೊತೆ ಗಂಟೆಗಟ್ಟಲೆ ಮಾತಾಡುತ್ತಾಳೆ, ನಗುತ್ತಾಳೆ, ಒಮ್ಮೊಮ್ಮೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಇಂಥ ಹೊತ್ತಿನಲ್ಲಿ ಹತ್ತಿರದ ಅರೋರಾ ಊರಿನಿಂದ ನಮ್ಮ ಬಳಗದ ನಿವೃತ್ತ ಡಾಕ್ಟರೊಬ್ಬರ ಫೋನು ಬಂತು. ಮೈಸೂರು ಕಡೆಯವರು, ಮೆದು ಮಾತಿನವರು. ‘ಸಾರ್, ನಮ್ಮವರಿಗೆ ಈ ಶನಿವಾರ ಬಿಟ್ಟು ಮುಂದಿನ ಶನಿವಾರ ಬ್ರ್ಯಾಂಪ್ಟನ್ ಹಾಲಲ್ಲಿ ಕಣ್ಣು ನೋಡಿಸ್ತಾ ಇದೀವಿ. ಹೋದ ಸಲ ನೋಟೀಸು ಇಂಗ್ಲಿಷಲ್ಲಿ ಹಾಕಿದ್ವಿ. ಕಣ್ಣಿನ ಫೋಟೋ ತೆಗೆಯೋಕೆ ಕ್ಯಾಮೆರಾ ತಂದೋರು ಜಾಸ್ತಿ, ಕಣ್ಣು ತಂದೋರು ಕಮ್ಮಿ. ಈ ಸಲ ನೀವು ಕನ್ನಡದಲ್ಲಿ ಬರ್ದುಕೊಡಿ.’ ನಾನು ವಿಷಯ ವಿಚಾರಿಸಿದೆ. ಕಣ್ಣಿನ ಹಿಂದೆ ಒಂದು ಪರದೆ ಇದೆ, ನಾವು ನೋಡುವುದೆಲ್ಲ ಅದರ ಮೇಲೆ ಬೀಳುತ್ತದೆ, ಸಕ್ಕರೆ ಅಲ್ಲಿನ ಸಣ್ಣ ರಕ್ತನಾಳಗಳನ್ನು ಹಾಳುಮಾಡುತ್ತ ಹೋಗುತ್ತದೆ ಎಂದರು. ‘ಮೊದಮೊದಲು ನೋವೂ ಇಲ್ಲ, ಮಂಜೂ ಇಲ್ಲ ಸಾರ್. ಚೆನ್ನಾಗಿ ಕಾಣ್ತಾ ಇರುವಾಗಲೇ ಬರ್ಬೇಕು. ಕಾಣ್ದೇ ಹೋದ್ಮೇಲೆ ಬಂದ್ರೆ ನಾವು ಮಾಡೋದು ಕಮ್ಮಿ.’

ನೋಟೀಸು ಬರೆಯಲು ಕೂತೆ. ನಾಲ್ಕು ಸಾಲಿನ ಕೆಲಸ ಒಂದೇ ಪದದ ಮೇಲೆ ನಿಂತುಹೋಯಿತು. ‘ತಪಾಸಣೆ’ ಎಂದು ಬರೆದೆ. ಇಲ್ಲಿನ ಕನ್ನಡಿಗರಿಗೆ ತಪಾಸಣೆ ಎಂದರೆ ವಿಮಾನ ನಿಲ್ದಾಣದಲ್ಲಿ ಉಪ್ಪಿನಕಾಯಿ ಡಬ್ಬಿಯನ್ನು ಹೊರತೆಗೆಸಿ ಮೂಸಿ ನೋಡುವ ಶಾಸ್ತ್ರ. ಹೊಡೆದುಹಾಕಿದೆ. ‘ಪರೀಕ್ಷೆ’ ಎಂದು ಬರೆದೆ. ಈ ವಯಸ್ಸಿನಲ್ಲಿ ಫೇಲಾಗಲು ಯಾರೂ ಬರುವುದಿಲ್ಲ. ‘ಶಿಬಿರ’ ಎಂದರೆ ರಕ್ತ ಕೇಳುತ್ತಾರೆಂದು ಓಡುತ್ತಾರೆ. ಕೊನೆಗೆ, ಎಲ್ಲರ ಬಾಯಲ್ಲಿರುವ ಪದವೇ ಒಳ್ಳೆಯದೆಂದು ‘ಸ್ಕ್ರೀನಿಂಗ್’ ಎಂದು ಬರೆದೆ. ಹಳೆಯ ಚಟಕ್ಕೆ ತಲೆಬರಹವನ್ನು ಇನ್ನಷ್ಟು ಬಿಗಿ ಮಾಡಿದೆ: ‘ಕಣ್ಣು: ಶನಿವಾರ ಸ್ಕ್ರೀನಿಂಗ್’. ತಾರೀಖು, ಸಕ್ಕರೆ ಕಾಯಿಲೆ, ಆರೋಗ್ಯ ಕಾರ್ಡು, ಸಭಾಂಗಣದ ವಿಳಾಸ ಎಲ್ಲ ಕೆಳಗಿನ ಪ್ಯಾರಾದಲ್ಲಿ. ವಾಟ್ಸಾಪಿನಲ್ಲಿ ಹರಿಬಿಟ್ಟು, ಇಷ್ಟು ಚೊಕ್ಕ ತಲೆಬರಹ ಬರೆದು ಎಷ್ಟು ಕಾಲವಾಯಿತೆಂದು ಬೀಗುತ್ತ ಚಹಾ ಕುಡಿದೆ.

ಚಹಾ ಮುಗಿಯುವ ಮೊದಲೇ ಪಾಟೀಲರ ಫೋನು. ಬೆಳಗಾವಿಯವರು, ಲಾರಿ ಕಂಪನಿಯೊಂದರಲ್ಲಿ ಕೆಲಸ, ದನಿಯೂ ಲಾರಿಯದೇ.

‘ರೀ, ಹೀರೋ ಯಾರ್ರೀ?’

‘ಯಾವ ಹೀರೋ?’

‘ಕಣ್ಣು ಪಿಕ್ಚರಿಂದು!’

ನಮ್ಮ ಬಳಗದವರು ವರ್ಷಕ್ಕೆ ಕೆಲವು ಬಾರಿ ಥಿಯೇಟರ್ ಹಿಡಿದು ಕನ್ನಡ ಸಿನಿಮಾ ಹಾಕಿಸುತ್ತಾರೆ. ಆಗ ಬರುವ ಸಂದೇಶ ಯಾವಾಗಲೂ ಹೀಗೇ: ಸಿನಿಮಾದ ಹೆಸರು, ಎರಡು ಚುಕ್ಕೆ, ಶನಿವಾರ ಸ್ಕ್ರೀನಿಂಗ್. ಈ ಸಂಗತಿ ನನಗೆ ಆಗ ಹೊಳೆಯಿತು.

‘ಪಾಟೀಲರ, ಅದು ನಿಮ್ಮ ಕಣ್ಣು.’

‘ನಮ್ಮದಾ? ನಮ್ಮನ್ಯಾಗ ಯಾರು ಪಿಕ್ಚರ್ ತಗದಾರ್ರೀ?’

ಅವರ ಹಿಂದೆಯೇ ಫೋನು ಮಾಡಿದ ಇನ್ನೊಬ್ಬರು ಮೊಮ್ಮಕ್ಕಳಿಗಾಗಿ ಸಬ್‌ಟೈಟಲ್ ಇದೆಯೇ ಎಂದು ಕೇಳಿದರು. ಮತ್ತೊಬ್ಬರು ಇಂಟರ್ವಲ್ಲಿಗೆ ಮಿರ್ಚಿ ಬಜಿ ಯಾರ ಗುತ್ತಿಗೆ ಎಂದು ಕೇಳಿದರು. ಪತ್ರಿಕಾಧರ್ಮದಂತೆ ನಾನು ತಿದ್ದುಪಡಿ ಪ್ರಕಟಿಸಿದೆ. ಪತ್ರಿಕೆಯ ತಿದ್ದುಪಡಿಗಳಿಗೆ ಆಗುವುದೇ ಇದಕ್ಕೂ ಆಯಿತು, ಯಾರೂ ಓದಲಿಲ್ಲ.

ಇಡೀ ಬಳಗದಲ್ಲಿ ಇದು ಸಿನಿಮಾ ಅಲ್ಲವೆಂದು ಸ್ಪಷ್ಟವಾಗಿ ತಿಳಿದಿದ್ದವಳು ಕಸ್ತೂರಿ ಒಬ್ಬಳೇ. ಆದ್ದರಿಂದ ಬರುವುದಿಲ್ಲವೆಂದವಳೂ ಅವಳೊಬ್ಬಳೇ. ‘ಹನಿ ಹಾಕಿದ್ರ ಮಧ್ಯಾಹ್ನದ ತನಕಾ ಮಬ್ಬು ಮಬ್ಬು ಕಾಣತೈತಂತ. ಅಕ್ಕನ ಮಾರಿ ಹೆಂಗ ನೋಡ್ಲಿ?’

‘ಈಗರ ಎಲ್ಲಿ ನೋಡ್ತಿ? ವಾರಾ ವಾರಾ ಫ್ಯಾನ್ ನೋಡ್ತಿ.’

‘ಅಕ್ಕನ ಮನೀ ಫ್ಯಾನ್ ಐತಿ, ನೋಡ್ತೀನಿ.’

ಹಾಗಾಗಿ ಮುಂದಿನ ಕಾಲ್ ಬಂದಾಗ ನಡುವೆ ಬಾಯಿ ಹಾಕಿ ಸುದ್ದಿಯನ್ನು ಸೋರಿಕೆ ಮಾಡಿದೆ. ಜನವರಿಯ ಸೊಳ್ಳೆ, ಡಾಕ್ಟರು ಹೇಳಿದ್ದು, ಇವಳ ಹಟ, ಎಲ್ಲವನ್ನೂ ಫ್ಯಾನಿಗೆ ಹೇಳಿದೆ. ಕಸ್ತೂರಿ ನನ್ನನ್ನು ಸುಟ್ಟುಬಿಡುವಂತೆ ನೋಡಿದಳು. ಫ್ಯಾನು ಸುಮ್ಮನೆ ತಿರುಗಿತು. ಕೊನೆಗೆ ಅದರ ಕೆಳಗಿನಿಂದ ಗೌರಕ್ಕನ ದನಿ ಬಂತು.

‘ಕಸ್ತೂರಿ, ನನಗೂ ಡಾಕ್ಟರ್ ಹೇಳಿ ಭಾಳ ದಿವಸ ಆತು. ಕಣ್ಣಿನವ್ರು ನಮ್ಮ ಓಣಿಗೆ ಬರೂದು ಶನಿವಾರ ಸಂಜೀನ. ಹನಿ ಹಾಕಿದ್ರ ರಾತ್ರಿ ನಿನ್ನ ಮಾರಿ ಕಾಣಂಗಿಲ್ಲಂತ ನಾನೂ ಹೋಗಿಲ್ಲ.’

ಸಾಗರಗಳ ಈಚೆ ಒಬ್ಬಳು, ಆಚೆ ಒಬ್ಬಳು. ಒಬ್ಬರನ್ನೊಬ್ಬರು ಒಂದು ವಾರ ನೋಡದೆ ಇರಲಾರದೆ, ನೋಡುವ ಕಣ್ಣನ್ನೇ ಪಣಕ್ಕಿಟ್ಟು ಕೂತಿದ್ದರು. ನಾನು ಆ ಕ್ಷಣಕ್ಕೆ ಸರಿಯಾದ ತಲೆಬರಹ ಹುಡುಕುತ್ತಿದ್ದಾಗಲೇ ಇಬ್ಬರೂ ಜೋರಾಗಿ ಒಬ್ಬರನ್ನೊಬ್ಬರು ಬೈಯತೊಡಗಿದರು. ‘ನಿನಗ ಬುದ್ಧಿ ಐತೇನು?’ ‘ನಿನಗ ಎಷ್ಟೈತಿ?’ ಜಗಳದ ಕೊನೆಗೆ ಒಪ್ಪಂದವಾಯಿತು. ಬರುವ ಶನಿವಾರ ಅಲ್ಲಿ ಅಕ್ಕ, ಇಲ್ಲಿ ತಂಗಿ, ಇಬ್ಬರೂ ಹೋಗುವುದು. ಮಬ್ಬಾದರೆ ಇಬ್ಬರಿಗೂ ಮಬ್ಬು.

ಶನಿವಾರ ಮಗಳು ನಮ್ಮನ್ನು ಸಭಾಂಗಣದ ಮುಂದೆ ಇಳಿಸಿ, ‘ಅಮ್ಮಾ, ಡೋಂಟ್ ಆರ್ಗ್ಯೂ ವಿತ್ ದ ಡಾಕ್ಟರ್’ ಎಂದು ಹೇಳಿ ಹೋದಳು. ಒಳಗೆ ನೋಡಿದರೆ ಕಾಲಿಡಲು ಜಾಗವಿಲ್ಲ. ಪಾಟೀಲರು ಸಂಸಾರ ಸಮೇತ ಬಂದು, ಚುರುಮುರಿಯ ದೊಡ್ಡ ಡಬ್ಬಿ ಹಿಡಿದು, ಮುಂದಿನ ಸಾಲಿನಲ್ಲಿ ಪರದೆ ಹುಡುಕುತ್ತ ಕೂತಿದ್ದರು. ಅರೋರಾದ ಡಾಕ್ಟರು ಅವರ ಬಳಿ ಹೋಗಿ, ‘ಪರದೆ ನಿಮ್ಮ ಕಣ್ಣೊಳಗಿದೆ ಸಾರ್, ಅದನ್ನೇ ನೋಡೋದು ಇವತ್ತು’ ಎಂದು ವಿನಯದಿಂದ ವಿವರಿಸಿದರು. ಪಾಟೀಲರು ಒಂದು ಗಳಿಗೆ ಯೋಚಿಸಿ, ‘ಬಂದದ್ದು ಬಂದೀವಿ, ತೋರಿಸ್ಕೊಂಡ ಹೋಗೂಣು’ ಎಂದು ಎದ್ದರು. ಅವರ ಹಿಂದೆ ಚುರುಮುರಿ ಡಬ್ಬಿ, ಅದರ ಹಿಂದೆ ಇಡೀ ಸಾಲು. ಹನಿ ಹಾಕಿಸಿಕೊಂಡು ಹೊರಬಂದವರಿಗೆಲ್ಲ ಬೆಳಕು ಚುಚ್ಚದಿರಲೆಂದು ಕಪ್ಪು ಪ್ಲಾಸ್ಟಿಕ್ ಕನ್ನಡಕ ಕೊಟ್ಟಿದ್ದರು. ಸ್ವಲ್ಪ ಹೊತ್ತಿನಲ್ಲಿ ಬಳಗದ ಹಿರಿಯರೆಲ್ಲ ಸಾಲಾಗಿ ಕಪ್ಪು ಕನ್ನಡಕ ಹಾಕಿ, ಚುರುಮುರಿ ತಿನ್ನುತ್ತ, ಖಾಲಿ ಗೋಡೆಯತ್ತ ಮುಖ ಮಾಡಿ ಕೂತರು. ತ್ರೀಡಿ ಸಿನಿಮಾಕ್ಕೆ ಇದಕ್ಕಿಂತ ಶಿಸ್ತಿನ ಪ್ರೇಕ್ಷಕರನ್ನು ನಾನು ಕಂಡಿಲ್ಲ.

ಕಸ್ತೂರಿಯ ಸರದಿ ಬಂತು, ಸೊಳ್ಳೆಯ ವಿಷಯವನ್ನು ನಾನೇ ವರದಿ ಮಾಡಿದೆ. ಕಣ್ಣು ನೋಡಿದ ಹುಡುಗಿ ಬಲಗಣ್ಣಿನ ಫೋಟೋದ ಮುಂದೆ ಹೆಚ್ಚು ಹೊತ್ತು ಕೂತಳು. ಆಮೇಲೆ ಡಾಕ್ಟರನ್ನು ಕರೆದಳು. ಅವರು ನನಗೂ ಆ ಫೋಟೋ ತೋರಿಸಿದರು. ಕಿತ್ತಳೆ ಬಣ್ಣದ ಸಂಜೆಯ ಆಕಾಶದಂಥ ಒಂದು ದುಂಡು, ಅದರಲ್ಲಿ ಅಲ್ಲಲ್ಲಿ ಕೆಂಪು ಚುಕ್ಕೆ. ‘ರಕ್ತನಾಳ ಸ್ವಲ್ಪ ಸೋರಿದೆ ಸಾರ್. ಅವರಿಗೆ ಕಾಣ್ತಿರೋ ಸೊಳ್ಳೆ ಆ ರಕ್ತದ ನೆರಳೇ. ಈ ವಾರದಲ್ಲೇ ಪರದೆ ನೋಡೋ ಸ್ಪೆಷಲಿಸ್ಟ್ ಹತ್ರ ಕಳಿಸ್ತೀವಿ. ಈಗ ಬಂದಿದ್ದು ಒಳ್ಳೇದಾಯ್ತು, ದೃಷ್ಟಿ ಉಳಿಸ್ಕೋಬಹುದು.’

ಕಸ್ತೂರಿ ಕೇಳಿದ್ದು ಒಂದೇ ಮಾತು. ‘ಹಂಗಾದ್ರ ಅದು ಊರಿಂದ ಬಂದಿದ್ದಲ್ಲ?’

ಪರೀಕ್ಷೆಯ ಕೋಣೆಯಿಂದ ಹೊರಗೆ ಬಂದು ಪಾಟೀಲರ ಸಾಲಿನಲ್ಲಿ ಕೂತಾಗ ಫೋನು ಹೊಡೆದುಕೊಂಡಿತು. ಧಾರವಾಡ. ಗೌರಕ್ಕನೂ ಆಗಷ್ಟೇ ತೋರಿಸಿಕೊಂಡು ಮನೆಗೆ ಬಂದಿದ್ದರು. ಒಂದು ಕಣ್ಣಿನಲ್ಲಿ ಪೊರೆ ಬಿಟ್ಟರೆ ಬೇರೆ ತೊಂದರೆ ಇಲ್ಲವಂತೆ. ಅಕ್ಕನಿಗೆ ಕಣ್ಣು ಮಬ್ಬಾದ್ದರಿಂದ ಅಂದು ಫೋನು ಹಿಡಿದವಳು ಅವರ ಸೊಸೆ. ಐದು ವರ್ಷದಲ್ಲಿ ಮೊದಲ ಸಲ ಫ್ಯಾನು ಮಾಯವಾಗಿ, ಗೌರಕ್ಕನ ಮುಖ ನೆಟ್ಟಗೆ, ಪೂರ್ತಿಯಾಗಿ, ಪರದೆಯ ನಡುವೆ ಮೂಡಿತು. ನನ್ನ ಹೆಂಡತಿ ಫೋನನ್ನು ಹತ್ತಿರ ಹಿಡಿದಳು, ದೂರ ಹಿಡಿದಳು, ಕಪ್ಪು ಕನ್ನಡಕ ತೆಗೆದಳು, ಹಾಕಿದಳು. ‘ಏನೂ ಕಾಣವಲ್ದು. ರೀ, ನೀವರ ಹೇಳ್ರಿ, ಅಕ್ಕ ಹೆಂಗ ಅದಾಳ?’

‘ಆರೋಗ್ಯವಾಗಿ ಅದಾರ’ ಎಂದೆ.

‘ಅದು ಆಸ್ಪತ್ರಿ ಪ್ರಕಟಣಿ ಆತು. ಮಾರಿ ಹೆಂಗೈತಿ? ಸೀರಿ ಯಾವುದು?’

‘ನೀಲಿ.’

‘ಯಾವ ನೀಲಿ? ಅಂಚು? ಕೂದಲಾ?’

‘ಕೂದಲು ಪೂರಾ ಬೆಳ್ಳಗ.’

‘ನಾ ಬರೂ ಮುಂದ ಕರ್ರಗಿದ್ದುವು’ ಎಂದಳು. ಆಮೇಲೆ ಅತ್ತ ಕಡೆಯಿಂದ, ತರಗತಿಯಲ್ಲಿ ಹಿಂದಿನ ಬೆಂಚಿನವನನ್ನು ಎಬ್ಬಿಸುವ ದನಿಯಲ್ಲಿ, ಗೌರಕ್ಕನ ಪ್ರಶ್ನೆ ಬಂತು. ‘ಏನ್ರೀ ಪೇಪರಿನವ್ರ, ನನಗೂ ಕಾಣವಲ್ದು. ನಮ್ಮ ಕಸ್ತೂರಿ ಹೆಂಗ ಅದಾಳ, ಸ್ವಲ್ಪ ಬಿಡಿಸಿ ಹೇಳ್ರಿ.’

ನಾನು ಹೆಂಡತಿಯ ಕಡೆ ತಿರುಗಿದೆ. ದಿನವೂ ಎದುರಿಗೆ ಕೂರುವವಳು. ಬೆಂಕಿ ಅನಾಹುತ, ಬಜೆಟ್ಟು, ಮಂತ್ರಿಗಳ ಮುಖಭಾವ ಎಲ್ಲವನ್ನೂ ಗಡುವಿಗೆ ಸರಿಯಾಗಿ ಬರೆದವನಿಗೆ ಇದರ ಮೊದಲ ವಾಕ್ಯ ಹೊಳೆಯಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳತೊಡಗಿದೆ. ಕಿವಿಯ ಹತ್ತಿರ ನಾಲ್ಕೈದು ಕೂದಲು ನರೆತಿವೆ. ನಗುವಾಗ ಎಡಗೆನ್ನೆಯಲ್ಲಿ ಬೀಳುವ ಗುಳಿ ಹಾಗೇ ಇದೆ. ಮೆಂತ್ಯೆ ಬಣ್ಣದ ಸೀರೆ, ಮೇಲೆ ಮಗಳ ಜಾಕೆಟ್ಟು. ಕುಂಕುಮ ಬಲಕ್ಕೆ ಸ್ವಲ್ಪ ಸರಿದಿದೆ, ಎಷ್ಟು ದಿನದಿಂದ ಹಾಗಿದೆಯೋ ನಾನು ನೋಡಿಲ್ಲ. ಅಕ್ಕಾ, ನಿಮ್ಮ ತಂಗಿ ಇಲ್ಲಿ ಕೂತಿದ್ದರೂ ಮುಖ ಮಾತ್ರ ಧಾರವಾಡದ ಕಡೆಗೇ ತಿರುಗಿದೆ. ಚಂದ ಕಾಣುತ್ತಾಳೆ.

ಕೊನೆಯ ವಾಕ್ಯ ಸುದ್ದಿಯಲ್ಲ, ಅಭಿಪ್ರಾಯ. ಬೇರೆ ಯಾರಾದರೂ ಬರೆದಿದ್ದರೆ ಹೊಡೆದುಹಾಕುತ್ತಿದ್ದೆ. ಪಕ್ಕದಲ್ಲಿ ಪಾಟೀಲರು ಚುರುಮುರಿ ಅಗಿಯುವುದನ್ನು ನಿಲ್ಲಿಸಿದ್ದರು. ತಿದ್ದುವ ಕೆಲಸ ಕೈಗೆ ರೂಢಿಯಾದ್ದರಿಂದ ನಾನು ಬೆರಳ ತುದಿಯಿಂದ ಕುಂಕುಮವನ್ನು ನಡುವಿಗೆ ತಂದೆ.

ಕಸ್ತೂರಿ ಕಪ್ಪು ಕನ್ನಡಕದೊಳಗಿನಿಂದಲೇ ನಾನಿರಬಹುದಾದ ದಿಕ್ಕಿಗೊಮ್ಮೆ ನೋಡಿ, ಫೋನಿನ ಹತ್ತಿರ ಬಾಗಿ ಹೇಳಿದಳು: ‘ಅಕ್ಕಾ, ನಾಳೆ ಇವರ ರಕ್ತಾ ಒಮ್ಮೆ ಟೆಸ್ಟ್ ಮಾಡಸ್ತೀನಿ. ಸ್ವಲ್ಪ ಸಕ್ಕರಿ ಬಂದಂಗ ಐತಿ.’