ಸ್ಪೇನ್ ರಾಣಿಯ ಸೂತಕ

ನಮ್ಮ ಸೋದರತ್ತೆ ಸ್ಪೇನ್ ದೇಶದ ರಾಣಿಗೆ ಹತ್ತಿರದ ನೆಂಟಳು ಎಂದರೆ ನೀವು ನಗುತ್ತೀರಿ. ನಗಿ, ಮೊಳಕಾಲ್ಮೂರಿನವರೆಲ್ಲ ನಕ್ಕು ಮುಗಿಸಿದ್ದಾರೆ! ಅತ್ತೆ ರೇಷ್ಮೆ ಸೀರೆ ನೇಯುವವಳು; ಚಳ್ಳಕೆರೆಯಿಂದಾಚೆಗೆ ಕಾಲಿಟ್ಟವಳಲ್ಲ.

ಈ ನೆಂಟಸ್ತಿಕೆ ಕುದುರಿಸಿದವಳು ನಾನು, ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವವಳು. ಒಮ್ಮೆ ಮಗ್ಗದ ಪಕ್ಕ ಕೂತು, ಒಂಬೈನೂರು ವರ್ಷದ ಹಿಂದಿನ ಆ ರಾಣಿಯ ಕಥೆ ತೆಗೆದೆ. ಇದ್ದೊಬ್ಬ ತಮ್ಮ ಯುದ್ಧದಲ್ಲಿ ಸತ್ತ. ಅಪ್ಪ ಮಗಳಿಗೇ ರಾಜ್ಯ ಕೊಟ್ಟ. ಮೊದಲ ಗಂಡ ತೀರಿಕೊಂಡಿದ್ದ, ಎರಡನೆಯವನು ಹೊಡೆದ.

ಲಾಳಿ ನಿಂತಿತು. "ರಾಣೀನೂ ಹೊಡೆದ್ನಾ? ಆಮೇಲೆ?"

"ಬಿಟ್ಟು ಬಂದ್ಳು. ತಾನೇ ಆಳಿದ್ಳು."

"ಶಭಾಷ್! ಮಕ್ಳು?"

"ಮೊದಲ ಗಂಡನ ಮಗ ಒಬ್ಬ. ಅವನನ್ನ ಸರದಾರರು ತಮ್ಮ ಹತ್ರಾನೇ ಇಟ್ಕೊಂಡ್ರು."

ಅತ್ತೆ ಮತ್ತೆ ಲಾಳಿ ಹಿಡಿದಳು. ಅವಳಿಗೂ ಅಪ್ಪ ಕೊಟ್ಟದ್ದು ಈ ಮಗ್ಗ. ಅವಳೂ ಹೊಡೆಯುವ ಗಂಡನನ್ನು ಬಿಟ್ಟು ಬಂದವಳು. ಎಳೆಯ ಮಗನನ್ನು ಮಾತ್ರ ಗಂಡನ ಮನೆಯವರು ಕೊಡಲಿಲ್ಲ. ಅವನೀಗ ಚಳ್ಳಕೆರೆಯ ಎಣ್ಣೆ ಗಿರಣಿಯೊಂದರಲ್ಲಿದ್ದಾನೆ. ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ.

ಅಂದಿನಿಂದ ರಾಣಿ ಮನೆಯವಳೇ ಆದಳು. ಗಿರಾಕಿ ಚೌಕಾಶಿಗಿಳಿದರೆ, "ರಾಣಿ ಗಂಡನಿಗೇ ಬಗ್ಗಲಿಲ್ಲ, ನಾನು ನಿಂಗೆ ಬಗ್ತೀನಾ?" ಎನ್ನುವಳು. ನಾನು ಬಸ್ಸಿಳಿದು ಹೋದರೆ ನೀರು ಕೊಡುವ ಮೊದಲೇ ಪ್ರಶ್ನೆ: "ರಾಣಿ ಮಗ ಬಂದ್ನೇನೇ?" ಎಷ್ಟು ದಿನ ತಳ್ಳಲಿ? ಒಂದು ಶನಿವಾರ ಹೇಳಿಯೇಬಿಟ್ಟೆ, "ರಾಣಿ ತೀರ್ಕೊಂಡ್ಳು ಅತ್ತೆ. ಮಗ ರಾಜ ಆದ."

ಅತ್ತೆ ಎದ್ದು ಹೋಗಿ ತಲೆಗೆ ನೀರು ಹಾಕಿಕೊಂಡಳು. ನಮ್ಮಲ್ಲಿ ಸೂತಕ ಕಳೆಯುವ ತನಕ ಮಗ್ಗ ಮುಟ್ಟುವುದಿಲ್ಲ. ಇವಳೂ ನಿಲ್ಲಿಸಿಬಿಟ್ಟಳು!

"ಒಂಬೈನೂರು ವರ್ಷ ಆಯ್ತಲ್ಲತ್ತೆ!"

"ನಂಗೆ ಸುದ್ದಿ ಬಂದಿದ್ದು ಇವತ್ತಲ್ಲೇನೇ ಅಮ್ಮಾಯಿ?"

ಸದಾ ಲಟಪಟ ಅನ್ನುತ್ತಿದ್ದ ಮಗ್ಗ ಸುಮ್ಮನಾದದ್ದು ಕಂಡು, ದಾರಿಯಲ್ಲಿ ಹೋಗುವವರು "ಆ ಮನೇಲಿ ಸಾವಾಗೈತಂತೆ" ಎಂದರು. ಮನೆಯಲ್ಲಿರುವುದೇ ಅವಳೊಬ್ಬಳು! ಸುದ್ದಿ ಬಿ.ಜಿ. ಕೆರೆ ದಾಟಿ ಚಳ್ಳಕೆರೆ ಮುಟ್ಟುವಷ್ಟರಲ್ಲಿ ಅತ್ತೆಯನ್ನೇ ಸಾಯಿಸಿತ್ತು.

ಮರುದಿನ ಮಧ್ಯಾಹ್ನ ಹೂವಿನ ಹಾರ ಹಿಡಿದು ಮಗ ಬಾಗಿಲಲ್ಲಿ ನಿಂತಿದ್ದ. ಕಣ್ಣು ಊದಿಕೊಂಡಿತ್ತು. ಅತ್ತೆ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು.

"ಯಾರು... ಸತ್ತಿದ್ದು?" ಎಂದ.

"ರಾಣಿ," ಎಂದಳು ಅತ್ತೆ. ಮೊರ ಕೆಳಗಿಟ್ಟಳು. "ಬಾರಪ್ಪ. ಕೈಕಾಲು ತೊಳ್ಕೊ. ಮುದ್ದೆ ಬಿಸಿ ಐತೆ."

ಅವನು ಹಾರವನ್ನು ಎಲ್ಲಿಡಬೇಕೆಂದು ತಿಳಿಯದೆ ಮಗ್ಗದ ಮೇಲಿಟ್ಟ. ತಲೆ ಎತ್ತದೆ ಉಂಡ. ಅತ್ತೆ ಎದುರು ಕೂತು ಅವನ ಕೈಯನ್ನೇ ನೋಡಿದಳು. ಸಂಜೆಯ ಬಸ್ಸಿಗೆ ಎದ್ದವನು "ಬರ್ತೀನಿ" ಎನ್ನಲಿಲ್ಲ, "ಹೋಗ್ತೀನಿ" ಎಂದ.

ಬಸ್ಸು ಹೋದ ಮೇಲೂ ಅತ್ತೆ ಅವನುಂಡ ತಟ್ಟೆಯನ್ನು ತೊಳೆಯದೆ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ನನ್ನ ಕಡೆ ತಿರುಗಿದಳು.

"ಅಮ್ಮಾಯಿ, ಆ ದೇಶದಾಗೆ ಸತ್ತಿರೋ ರಾಣಿ ಇನ್ನೊಬ್ಬಳು ಇದಾಳೇನೇ?"