ಅತ್ತೆಯ ಮೂಗಿಗೆ ಕೊಕೊರೆಚ್ ಹೊಗೆ

ನಮ್ಮತ್ತೆ ಮುಅಲ್ಲಾ ಹಾನಿಮ್ ಅಂಕಾರಾದಿಂದ ಇಜ್ಮೀರಿನ ನಮ್ಮ ಮನೆಗೆ ಬಂದದ್ದು ಹಲ್ಲು ಕಟ್ಟಿಸಿಕೊಳ್ಳಲು. ಹಲ್ಲು ಬಂದವು, ಅತ್ತೆ ಹೋಗಲಿಲ್ಲ. ಸಮುದ್ರದ ಗಾಳಿ ಒಗ್ಗಿತಂತೆ. ನನ್ನ ಕುರ್ಚಿಯೂ ಒಗ್ಗಿತು, ಟಿವಿಯ ರಿಮೋಟೂ ಒಗ್ಗಿತು. ಒಗ್ಗದೆ ಉಳಿದವನು ಅಳಿಯನೊಬ್ಬನೇ.

ಅತ್ತೆಯದು ಮಹಾ ನಾಜೂಕಿನ ಮೂಗು. ಮೀನು ಹುರಿದರೆ ಕರವಸ್ತ್ರ, ಈರುಳ್ಳಿ ಹೆಚ್ಚಿದರೆ ಕೊಲೋನ್. (ನಾನು ಬೂಟು ಬಿಚ್ಚಿದರೆ ಎರಡೂ.) ಒಂದು ಸಂಜೆ ಬೀದಿಯ ಕೊಕೊರೆಚ್ ಗಾಡಿಯ ಹೊಗೆ ಒಳನುಗ್ಗಿದ್ದೇ ತಡ, ದಡಬಡನೆದ್ದು ಕಿಟಕಿ ಮುಚ್ಚಿದರು.

"ಕೊಕೊರೆಚ್ ಅಂತ ಕುರಿ ಕರುಳು ಸುಟ್ಕೊಂಡು ತಿನ್ನೋ ಜನ! ಇದು ಬೇಯೋ ಮನೇಲಿ ನಾನು ಒಂದು ಗಳಿಗೆ ಇರಲ್ಲಮ್ಮ!"

ನನಗೆ ಆ ಕ್ಷಣವೇ ಜ್ಞಾನೋದಯವಾಯಿತು.

ಭಾನುವಾರ ಬೆಳಿಗ್ಗೆ ಕಸಾಯಿಯವನಿಂದ ಒಂದು ಬಕೆಟ್ ಕುರಿಮರಿ ಕರುಳು ತಂದೆ. ಹೆಂಡತಿ ಪೆರಿಹಾನ್ ಬಾಗಿಲಲ್ಲೇ ತಡೆದಳು.

"ರೀ, ಅಮ್ಮನಿಗೆ ವಾಸನೆ ಆಗಲ್ಲ ಅಂತ ಗೊತ್ತಿದ್ದೂ ತಂದಿದ್ದೀರಲ್ಲ! ನಿಮಗೆ ಕರುಳು ಅನ್ನೋದೇ ಇಲ್ವಾ?"

"ಇದೆಯಲ್ಲೇ, ಬಕೆಟ್ ತುಂಬ!"

ಅವಳು ನಗಲಿಲ್ಲ.

ಸ್ನಾನದ ತೊಟ್ಟಿಯಲ್ಲಿ ಕರುಳುಪ್ರಕ್ಷಾಲನ ಮಹಾಯಜ್ಞ ಶುರುವಾಯಿತು. ಒಳಗಿದ್ದದ್ದನ್ನು ಹೊರಗೆ ಮಾಡಿ ತೊಳೆದೆ, ಮತ್ತೆ ತೊಳೆದೆ. ಒಂದು ತುದಿ ಹಿಡಿದರೆ ಇನ್ನೊಂದು ನಲ್ಲಿಗೆ ಸುತ್ತಿಕೊಳ್ಳುತ್ತಿತ್ತು, ಅದನ್ನು ಬಿಡಿಸಿದರೆ ನನ್ನ ಕನ್ನಡಕಕ್ಕೆ. ಕೊಬ್ಬನ್ನು ಕಂಬಿಗೆ ಚುಚ್ಚಿ, ಅದರ ಮೇಲೆ ಕರುಳು ಸುತ್ತಿ ಮುಗಿಸುವಷ್ಟರಲ್ಲಿ ಬಾಲ್ಕನಿಯ ಕೆಳಗೆ ಬೀದಿಯ ಬೆಕ್ಕುಗಳೆಲ್ಲ ಸಭೆ ಸೇರಿದ್ದವು.

ಬಾಲ್ಕನಿಯಲ್ಲಿಟ್ಟ ಒಲೆಯ ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕಿ ಚುಂಯ್ ಎಂದಿತು. ಹೊಗೆಯನ್ನು ದಿನಪತ್ರಿಕೆಯಿಂದ ಬೀಸಿ ಬೀಸಿ ಅತ್ತೆಯ ಕಿಟಕಿಗೆ ದಾಟಿಸಿದೆ. ಒಳಗೆ ಕೆಮ್ಮು ಕೇಳಿಸಿತು. ಆಮೇಲೆ ಬೀರು ತೆರೆದ ಸದ್ದು. ಬಟ್ಟೆ ಕಟ್ಟುತ್ತಿದ್ದಾರೆಂದು ನನ್ನ ಹೃದಯ ಕುಣಿಯಿತು!

ಬಾಗಿಲು ತೆರೆಯಿತು. ಅತ್ತೆ ಏಪ್ರನ್ ಕಟ್ಟಿಕೊಂಡು ಬಂದರು.

"ಯಾರ್ರೀ ಇದನ್ನ ಸುತ್ತಿದ್ದು? ಮುರಿದ ಕಾಲಿಗೆ ಬ್ಯಾಂಡೇಜ್ ಹಾಕಿದ ಹಾಗಿದೆ! ಸರೀರಿ ಆಚೆ."

ನನ್ನನ್ನು ಪಕ್ಕಕ್ಕೆ ತಳ್ಳಿ ಕಂಬಿ ಹಿಡಿದರು. ಬೆಂದದ್ದನ್ನು ಹಲಗೆಯ ಮೇಲೆ ಟಕಟಕ ಕೊಚ್ಚಿ, ಜೀರಿಗೆ, ಮೆಣಸಿನಪುಡಿ ಉದುರಿಸಿ, ಅರ್ಧ ಬ್ರೆಡ್ಡಿಗೆ ತುಂಬಿ ಕಚ್ಚಿದರು. ಕಣ್ಣಲ್ಲಿ ನೀರು.

"ಖಾರ ಆಯ್ತಾ ಅಮ್ಮಾ?" ಪೆರಿಹಾನ್ ಗಾಬರಿಯಾದಳು.

"ಅಲ್ವೇ. ಮದುವೆಗೆ ಮುಂಚೆ ಇದು ನನ್ನ ಪ್ರಾಣ ಆಗಿತ್ತು. ನ್ಯಾಯಾಧೀಶರ ಹೆಂಡತಿ ಬೀದೀಲಿ ನಿಂತು ಕರುಳು ತಿನ್ಬಾರ್ದು ಅಂದ್ರು ನಿಮ್ಮಪ್ಪ. ಆ ವಾಸನೆ ಬಂದ್ರೆ ತಡ್ಕೊಳೋಕಾಗಲ್ಲ ಅಂತ ಕಿಟಕಿ ಮುಚ್ಕೋತಿದ್ದೆ." ನನ್ನ ಕಡೆ ತಿರುಗಿದರು. "ಈ ಮುದುಕಿಯ ಮನಸ್ಸು ಅಳಿಯಂದಿರಿಗೆ ಹೇಗೆ ತಿಳೀತೋ!"

ಹೆಂಡತಿ ಮದುವೆಯ ದಿನದ ಕಣ್ಣುಗಳಿಂದ ನನ್ನನ್ನು ನೋಡಿದಳು. ಸತ್ಯ ಹೇಳುವ ಧೈರ್ಯ ಯಾರಿಗಿದೆ? ವಿನಯದಿಂದ ತಲೆ ತಗ್ಗಿಸಿದೆ. ತಲೆಯೆತ್ತುವಷ್ಟರಲ್ಲಿ ಕಂಬಿ ಖಾಲಿ. ನಾನು ಬರೀ ಬ್ರೆಡ್ಡಿನಿಂದ ಹಲಗೆಯ ಜಿಡ್ಡು ಒರೆಸಿ ತಿನ್ನುತ್ತಿದ್ದಾಗ ಅತ್ತೆ ಬುರ್ಸಾದ ತಂಗಿಗೆ ಫೋನ್ ಹಚ್ಚಿ ನನ್ನ ಕಿವಿಗಿಟ್ಟರು.

"ನೀವೇ ಕರೀರಿ. ಅಳಿಯ ಕರೆದ್ರೆ ಅವಳು ಇಲ್ಲ ಅನ್ನಲ್ಲ."

"ಬನ್ನಿ ಚಿಕ್ಕತ್ತೆ," ಎಂದೆ, ಬಾಯಲ್ಲಿ ಬ್ರೆಡ್ಡು.

"ಬರ್ತೀನಪ್ಪಾ. ಎಷ್ಟು ದಿನಕ್ಕೆ ಬಟ್ಟೆ ತರಲಿ?"

ಅತ್ತೆ ಫೋನ್ ಕಿತ್ತುಕೊಂಡರು. "ಎಷ್ಟು ದಿನ ಏನೇ? ಈ ಊರಿನ ಕುರಿಗಳು ಮುಗಿಯೋವರೆಗೆ!"